ಮೊಸಳೆ ಕಣ್ಣೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಪ್ರಾಣಿಗಳ ಹೆಸರು ಹೊತ್ತ ನುಡಿಗಟ್ಟುಗಳಿಗೆ ಬರವಿಲ್ಲ. ಅವುಗಳಲ್ಲಿ ‘ಕ್ರೊಕೊಡೈಲ್ ಟಿಯರ್ಸ್’ ನಮಗೆ ಎಷ್ಟು ಹತ್ತಿರದ್ದಾಗಿದೆ ಎಂದರೆ, ವಿಧಾನಸಭೆಯ ಅಧಿವೇಶನ ನಡೆಯುವ ದಿನಗಳಲ್ಲಿ ಯಾವುದಾದರೊಂದು ಪತ್ರಿಕೆಯ ತಲೆಬರಹದಲ್ಲಿ ‘ಮೊಸಳೆ ಕಣ್ಣೀರು’ ಕಾಣಿಸದಿದ್ದರೆ ಏನೋ ಕಳೆದುಕೊಂಡಂತೆ ಅನಿಸುತ್ತದೆ. ಈ ಮಾತು ಹುಟ್ಟಿದ್ದೆಲ್ಲಿ, ಮೊಸಳೆಗೆ ಈ ಅಪವಾದ ಅಂಟಿದ್ದು ಹೇಗೆ, ಅದರಲ್ಲಿ ನಿಜವೆಷ್ಟು ಎಂದು ಕೇಳುವವರು ಬಹಳ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಾನು ಮೊಸಳೆಯ ಪಕ್ಷದವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊಸಳೆ ಕಣ್ಣೀರು ಎಂದರೆ ನಿಖರವಾಗಿ ಏನು?

ಒಳಗಿಲ್ಲದ ದುಃಖವನ್ನು ಹೊರಗೆ ತೋರಿಸುವುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದಂತಾಗುತ್ತದೆ. ಅಳುತ್ತಿರುವವನೇ ಆ ಅನಾಹುತಕ್ಕೆ ಕಾರಣನಾಗಿರಬೇಕು, ಇಲ್ಲವೇ ಅದರಿಂದ ಲಾಭ ಪಡೆದವನಾಗಿರಬೇಕು. ಆಗಲೇ ಈ ಮಾತಿಗೆ ಮೊನಚು. ಕೆರೆಯಂಗಳ ಒತ್ತುವರಿ ಮಾಡಿ ನಿವೇಶನ ಹಂಚಿದಾತ, ಮಳೆಗಾಲದಲ್ಲಿ ನೀರು ನುಗ್ಗಿದ ಅದೇ ಮನೆಗಳ ಮುಂದೆ ನಿಂತು ಕರವಸ್ತ್ರದಿಂದ ಕಣ್ಣೊರೆಸಿಕೊಂಡರೆ ಅದು ಮೊಸಳೆ ಕಣ್ಣೀರು.

ಸುಮ್ಮನೆ ಅತ್ತಂತೆ ಮಾಡಿದರೂ ಹಾಗೆನ್ನಬಹುದೇ?

ಮಿಠಾಯಿಗಾಗಿ ನೆಲದ ಮೇಲೆ ಹೊರಳಾಡುವ ಮಗುವಿನದು ಹಟದ ಅಳು. ಧಾರಾವಾಹಿಯ ನಟಿ ಗ್ಲಿಸರಿನ್ ಹಾಕಿಕೊಂಡು ಅಳುವುದು ಕಸುಬು. ಎರಡಕ್ಕೂ ಈ ಮಾತು ಒಗ್ಗುವುದಿಲ್ಲ. ಮಗುವಿನ ಅಳುವಿನಲ್ಲಿ ಮೋಸವಿಲ್ಲ, ಬೇಡಿಕೆ ಇದೆ. ನಟಿಯ ಅಳು ನಟನೆ ಎಂದು ನೋಡುವವರಿಗೂ ಗೊತ್ತು.

ಈ ಮಾತು ಹುಟ್ಟಿದ್ದು ಇಂಗ್ಲೆಂಡಿನಲ್ಲೇ?

ಅಲ್ಲ. ಇಂಗ್ಲೆಂಡಿನ ನದಿಗಳಲ್ಲಿ ಮೊಸಳೆಯೇ ಇಲ್ಲ. ಇದರ ಬೇರು ಗ್ರೀಕರಲ್ಲಿದೆ, ಗ್ರೀಕರಿಗೆ ಮೊಸಳೆ ಎಂದರೆ ಈಜಿಪ್ಟಿನ ನೈಲ್ ನದಿಯ ಪ್ರಾಣಿ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಮೊಸಳೆಯನ್ನು ಸಾಕಷ್ಟು ವಿವರವಾಗಿ ಬಣ್ಣಿಸಿದ್ದಾನೆ. ಅದಕ್ಕೆ ನಾಲಿಗೆಯಿಲ್ಲ, ಅದು ಮೇಲಿನ ದವಡೆಯನ್ನು ಮಾತ್ರ ಆಡಿಸುತ್ತದೆ, ಹಕ್ಕಿಯೊಂದು ಅದರ ಬಾಯೊಳಗೆ ಹೋಗಿ ಜಿಗಣೆಗಳನ್ನು ಹೆಕ್ಕಿ ತಿನ್ನುತ್ತದೆ ಎಂದೆಲ್ಲ ಬರೆದ ಆ ಮನುಷ್ಯ ಕಣ್ಣೀರಿನ ಸುದ್ದಿ ಎತ್ತುವುದಿಲ್ಲ. ಕಣ್ಣೀರು ಸೇರಿಕೊಂಡದ್ದು ಆಮೇಲೆ. ಪ್ಲುಟಾರ್ಕ್‌ನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗಾದೆಗಳ ಸಂಗ್ರಹದಲ್ಲಿ ಇದು ಸಿಗುತ್ತದೆ. ಒಬ್ಬನ ಸಾವನ್ನು ಬಯಸಿ ಅಥವಾ ಅದಕ್ಕೆ ಕಾರಣನಾಗಿ, ಆಮೇಲೆ ಊರೆದುರು ಗೋಳಾಡುವವನಿಗೆ ಅನ್ವಯಿಸುವ ಮಾತು ಅದು. ಅರ್ಥ ಅಂದಿಗೂ ಇಂದಿಗೂ ಕೂದಲೆಳೆಯಷ್ಟೂ ಬದಲಾಗಿಲ್ಲ.

9ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ವಿದ್ವಾಂಸ ಫೋಟಿಯೋಸ್‌ನ ಬೃಹತ್ ಗ್ರಂಥದಲ್ಲೂ ಅಳುವ ಮೊಸಳೆ ಇದೆ. 13ನೇ ಶತಮಾನದ ಬಾರ್ತೊಲೊಮಿಯಸ್ ಆಂಗ್ಲಿಕಸ್ ಎಂಬ ಪಾದ್ರಿ ತನ್ನ ವಿಶ್ವಕೋಶದಲ್ಲಿ ಮೊಸಳೆ ನೀರಿನಂಚಿನಲ್ಲಿ ಸಿಕ್ಕ ಮನುಷ್ಯನನ್ನು ಕೊಂದು, ಅವನ ಮೇಲೆ ಅತ್ತು, ಕೊನೆಗೆ ನುಂಗುತ್ತದೆ ಎಂದು ಬರೆದ. ಗಾದೆಗಳ ಮಹಾಸಂಗ್ರಾಹಕ ಎರಾಸ್ಮಸ್ ಇದನ್ನು ಲ್ಯಾಟಿನ್ ರೂಪದಲ್ಲಿ ತನ್ನ ಸಂಕಲನಕ್ಕೆ ಸೇರಿಸಿದ ಮೇಲೆ ಯುರೋಪಿನ ಓದುಬರಹ ಬಲ್ಲವರಿಗೆಲ್ಲ ಇದು ಬಾಯಿಪಾಠವಾಯಿತು.

ಭಾರತದ ಮೊಸಳೆಗಳೇ ಅಳುತ್ತವೆ ಎಂದು ಯಾರೋ ಬರೆದಿದ್ದರಂತೆ?

ಹೌದು, ಸರ್ ಜಾನ್ ಮ್ಯಾಂಡೆವಿಲ್. 14ನೇ ಶತಮಾನದಲ್ಲಿ ಈ ಹೆಸರಿನಲ್ಲಿ ಒಂದು ಪ್ರವಾಸ ಕಥನ ಮೊದಲು ಫ್ರೆಂಚ್‌ನಲ್ಲಿ ಹೊರಬಂದಿತು, 1400ರ ಸುಮಾರಿಗೆ ಇಂಗ್ಲಿಷಿಗೂ ಇಳಿಯಿತು. ಅದರಲ್ಲಿ, ‘ಆ ದೇಶದಲ್ಲೂ ಇಡೀ ಇಂಡಿಯಾದಲ್ಲೂ’ ಮೊಸಳೆಗಳು ಹೇರಳವಾಗಿವೆ, ಅವು ಒಂದು ಬಗೆಯ ಉದ್ದನೆಯ ಸರ್ಪಗಳು, ಮನುಷ್ಯರನ್ನು ಕೊಂದು ಅಳುತ್ತಾ ತಿನ್ನುತ್ತವೆ ಎಂದಿದೆ. ಅದರ ಬೆನ್ನಿಗೇ ಇನ್ನೆರಡು ಸಂಗತಿ: ತಿನ್ನುವಾಗ ಅವು ಮೇಲ್ದವಡೆ ಆಡಿಸುತ್ತವೆ, ಕೆಳದವಡೆಯನ್ನಲ್ಲ, ಅವಕ್ಕೆ ನಾಲಿಗೆ ಇಲ್ಲ.

ಈ ಕೊನೆಯ ಎರಡು ವಾಕ್ಯಗಳೇ ಕಳ್ಳನನ್ನು ಹಿಡಿದುಕೊಡುತ್ತವೆ. ಅವು ಹೆರೊಡೋಟಸ್ ಹೇಳಿದ್ದ ಮಾತುಗಳೇ. ಪುಸ್ತಕಗಳ ರಾಶಿಯ ನಡುವೆ ಕುಳಿತು ಬರೆದವನ ಲೇಖನಿಗೆ ನೈಲ್ ನದಿಯ ಹಳೆಯ ತಪ್ಪುಗಳು ಇಂಡಿಯಾದ ಹೊಸ ವಿಳಾಸದೊಂದಿಗೆ ಬಂದು ಸೇರಿವೆ. ಮ್ಯಾಂಡೆವಿಲ್ ಎಂಬ ಮನುಷ್ಯ ನಿಜವಾಗಿ ಇದ್ದನೇ ಎಂಬುದರ ಬಗ್ಗೆಯೇ ವಿದ್ವಾಂಸರಿಗೆ ಅನುಮಾನವಿದೆ. ಆದರೂ ಪುಸ್ತಕ ಮಾತ್ರ ಭಾರಿ ಜನಪ್ರಿಯವಾಯಿತು. ಅಳುವ ಮೊಸಳೆ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ನೆಲೆಯೂರಲು ಅದು ದೊಡ್ಡ ಕಾರಣ.

ಮೊಸಳೆ ಬೇಟೆಯನ್ನು ಕರೆಯಲು ಅಳುತ್ತದೆಯೋ, ತಿನ್ನುವಾಗ ಅಳುತ್ತದೆಯೋ?

ಒಳ್ಳೆಯ ಪ್ರಶ್ನೆ. ಮೊಸಳೆಯ ಮೇಲಿರುವುದು ಒಂದಲ್ಲ, ಎರಡು ಆರೋಪ. ಒಂದು, ತಿಂದ ಮೇಲೆ ಅಥವಾ ತಿನ್ನುತ್ತಾ ಅಳುತ್ತದೆ ಎನ್ನುವುದು. ಅದು ಢೋಂಗಿ ಪಶ್ಚಾತ್ತಾಪ. ಇನ್ನೊಂದು, ದಾರಿಹೋಕರ ಕರುಳು ಕರಗಿಸಿ ಹತ್ತಿರ ಕರೆದುಕೊಳ್ಳಲು ಅಳುತ್ತದೆ ಎನ್ನುವುದು. ಅದು ಬಲೆ.

ಎರಡನೆಯ ಕಥೆಯನ್ನು ಇಂಗ್ಲೆಂಡಿನಲ್ಲಿ ಹರಡಿದವರು ನಾವಿಕರು. ಜಾನ್ ಹಾಕಿನ್ಸ್ ಎಂಬ ಕಪ್ತಾನ 1564–65ರಲ್ಲಿ ಅಟ್ಲಾಂಟಿಕ್ ದಾಟಿ ಹೋದ ಯಾನದ ವೃತ್ತಾಂತವನ್ನು ಜಾನ್ ಸ್ಪಾರ್ಕ್ ಬರೆದಿಟ್ಟ. ಅಲ್ಲಿನ ನದಿಯೊಂದರಲ್ಲಿ ಕಂಡ ಮೊಸಳೆಗಳ ಬಗ್ಗೆ ಅವನು ಹೇಳುವುದೇನೆಂದರೆ, ಬೇಟೆ ಬೇಕೆನಿಸಿದಾಗ ಅವು ಕ್ರೈಸ್ತ ಮನುಷ್ಯನಂತೆಯೇ ಬಿಕ್ಕಿ ಬಿಕ್ಕಿ ಅಳುತ್ತವೆ, ಹತ್ತಿರ ಬಂದವರನ್ನು ಕಚ್ಚಿ ಹಿಡಿಯುತ್ತವೆ. ಹೆಂಗಸರು ಅತ್ತಾಗ ಈ ಗಾದೆಯನ್ನು ಬಳಸುವುದೂ ಇದರಿಂದಲೇ ಬಂದಿತು ಎಂದು ಸೇರಿಸುತ್ತಾನೆ.

ಹಾಕಿನ್ಸ್‌ನ ಆ ಹಡಗುಗಳಲ್ಲಿ ಸರಕಾಗಿ ಹೋಗುತ್ತಿದ್ದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರು. ಅವರನ್ನು ಅಮೆರಿಕದ ಸ್ಪೇನ್ ವಸಾಹತುಗಳಲ್ಲಿ ಗುಲಾಮರಾಗಿ ಮಾರುವುದೇ ಯಾನದ ಉದ್ದೇಶ. ಹಡಗಿನ ಒಡಲೊಳಗಿನ ಅಳು ಕಿವಿಗೆ ಬೀಳದವರಿಗೆ ಮೊಸಳೆಯ ಬಿಕ್ಕಳಿಕೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು ನೋಡಿ.

ಇಂಗ್ಲಿಷ್ ಬರಹದಲ್ಲಿ ಈ ನುಡಿಗಟ್ಟು ಮೊದಲು ಕಾಣಿಸಿದ್ದು ಯಾವಾಗ?

ಸಾಮಾನ್ಯವಾಗಿ ತೋರಿಸುವ ದಾಖಲೆ 1563ರದು. ಆಗ ಲಂಡನ್ನಿನ ಬಿಷಪ್ ಆಗಿದ್ದ, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಎಡ್ಮಂಡ್ ಗ್ರಿಂಡಲ್ ಒಬ್ಬನ ವಿನಯ ನಕಲಿಯೇನೋ, ಅವನ ಕಣ್ಣೀರು ಮೊಸಳೆ ಕಣ್ಣೀರೇನೋ ಎಂಬ ಭಯ ತನಗೆ ಶುರುವಾಗಿದೆ ಎಂದು ಬರೆದ. ವಿವರಣೆ ಕೊಡದೆ ಬಳಸಿದ್ದಾನೆ ಎಂದರೆ ಓದುವವರಿಗೆ ಮಾತು ಆಗಲೇ ಪರಿಚಿತವಾಗಿತ್ತು ಎಂದರ್ಥ.

ಷೇಕ್ಸ್‌ಪಿಯರ್ ಇದನ್ನು ಬಳಸಿದ್ದಾನೆಯೇ?

ಬೇರೆ ಬೇರೆ ನಾಟಕಗಳಲ್ಲಿ. ‘ಆರನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿ ರಾಣಿ ಮಾರ್ಗರೆಟ್, ರಾಜನ ಚಿಕ್ಕಪ್ಪ ಗ್ಲಾಸ್ಟರ್‌ನ ಮೇಲೆ ಚಾಡಿ ಹೇಳುತ್ತಾ, ದುಃಖ ನಟಿಸಿ ಮರುಗುವ ದಾರಿಹೋಕರನ್ನು ಬಲೆಗೆ ಕೆಡವುವ ಮೊಸಳೆಗೆ ಅವನನ್ನು ಹೋಲಿಸುತ್ತಾಳೆ. ತಮಾಷೆಯೆಂದರೆ ಆ ನಾಟಕದಲ್ಲಿ ಗ್ಲಾಸ್ಟರ್ ನಿರಪರಾಧಿ, ಸಂಚು ಮಾಡುತ್ತಿರುವವಳು ರಾಣಿಯೇ. ‘ಒಥೆಲೊ’ದಲ್ಲಿ ಸಂಶಯದಿಂದ ಬುದ್ಧಿಗೆಟ್ಟ ಗಂಡ, ಹೆಂಡತಿಯ ಕಣ್ಣಿಂದ ಬೀಳುವ ಒಂದೊಂದು ಹನಿಯೂ ಮೊಸಳೆಯಾಗಿ ಹುಟ್ಟೀತು ಎನ್ನುತ್ತಾನೆ. ಅಲ್ಲಿ ಡೆಸ್ಡಿಮೋನಳ ಕಣ್ಣೀರು ಅಪ್ಪಟ ನಿಜ. ಈ ಎರಡು ಕಡೆ ಮೊಸಳೆಯ ಆರೋಪ ಹೊತ್ತವರು ತಪ್ಪಿತಸ್ಥರಲ್ಲ, ಹೊರಿಸಿದವರಲ್ಲೇ ದೋಷ.

ನನಗೆ ಹೆಚ್ಚು ಇಷ್ಟವಾದದ್ದು ‘ಆಂಟನಿ ಮತ್ತು ಕ್ಲಿಯೋಪಾತ್ರ’. ಹಡಗಿನ ಮೇಲಿನ ಔತಣದಲ್ಲಿ ಕುಡಿದು ತೂಗಾಡುತ್ತಿರುವ ಲೆಪಿಡಸ್, ನಿಮ್ಮ ಮೊಸಳೆ ಹೇಗಿರುತ್ತದೆ ಎಂದು ಆಂಟನಿಯನ್ನು ಕೇಳುತ್ತಾನೆ. ಅದು ಅದರ ಹಾಗೆಯೇ ಇರುತ್ತದೆ, ಎಷ್ಟು ಅಗಲವಿದೆಯೋ ಅಷ್ಟೇ ಅಗಲ, ಅದರ ಬಣ್ಣ ಅದರದೇ ಬಣ್ಣ, ಅದರ ಕಣ್ಣೀರು ಒದ್ದೆಯಾಗಿರುತ್ತದೆ ಎಂದು ಆಂಟನಿ ಗಂಭೀರವಾಗಿ ಉತ್ತರಿಸುತ್ತಾನೆ. ಇಷ್ಟು ಶತಮಾನಗಳಲ್ಲಿ ಮೊಸಳೆ ಕಣ್ಣೀರಿನ ಬಗ್ಗೆ ಒಂದೂ ಸುಳ್ಳು ಹೇಳದ ವಿವರಣೆ ಬಹುಶಃ ಇದೊಂದೇ.

ಹಾಗಾದರೆ ಮೊಸಳೆ ನಿಜವಾಗಿಯೂ ಅಳುತ್ತದೆಯೇ?

ಅದರ ಕಣ್ಣಲ್ಲಿ ನೀರಿದೆ, ಆದರೆ ದುಃಖವಿದೆ ಎನ್ನಲು ಆಧಾರವಿಲ್ಲ. ಮೊಸಳೆಗೂ ನಮ್ಮಂತೆ ಕಣ್ಣೀರಿನ ಗ್ರಂಥಿಗಳಿವೆ. ರೆಪ್ಪೆಗಳ ಜೊತೆಗೆ ಮೂರನೆಯ ಪಾರದರ್ಶಕ ಪೊರೆಯೊಂದು ಕಣ್ಣಿನ ಮೇಲೆ ಅಡ್ಡಲಾಗಿ ಸರಿದು ಹೋಗುತ್ತದೆ. ಗ್ರಂಥಿಗಳ ದ್ರವ ಕಣ್ಣನ್ನೂ ಈ ಪೊರೆಯನ್ನೂ ತೇವವಾಗಿಡುತ್ತದೆ, ಕಸ ತೊಳೆಯುತ್ತದೆ. ನೀರಿನಿಂದ ಮೇಲೆ ಬಂದು ಬಹಳ ಹೊತ್ತು ಬಿಸಿಲಲ್ಲಿ ಮಲಗಿದಾಗ ಕಣ್ಣಂಚಿನಲ್ಲಿ ಹನಿ ಮಿನುಗುವುದುಂಟು. ಭಾವೋದ್ವೇಗದಿಂದ ಕಣ್ಣೀರು ಸುರಿಸುವ ಪ್ರಾಣಿ ಎಂದು ವಿಜ್ಞಾನಕ್ಕೆ ಖಚಿತವಾಗಿ ಗೊತ್ತಿರುವುದು ಮನುಷ್ಯನೊಬ್ಬನೇ.

ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1927ರಲ್ಲಿ ಜಾರ್ಜ್ ಜಾನ್ಸನ್ ಎಂಬ ವಿಜ್ಞಾನಿ ಮೊಸಳೆಗಳ ಕಣ್ಣಿಗೆ ಈರುಳ್ಳಿ ಮತ್ತು ಉಪ್ಪು ತಿಕ್ಕಿದ. ಅಡುಗೆಮನೆಯಲ್ಲಿ ನಮ್ಮನ್ನೆಲ್ಲ ಅಳಿಸುವ ಈರುಳ್ಳಿಗೆ ಅವು ಜಗ್ಗಲಿಲ್ಲ. ಕಥೆ ಸುಳ್ಳು ಎಂದು ಅವನು ತೀರ್ಪು ಕೊಟ್ಟ. ಮೊಸಳೆಗೆ ಇದರಿಂದ ನ್ಯಾಯ ಸಿಕ್ಕಿತೋ, ಇನ್ನೊಂದು ಅನ್ಯಾಯವಾಯಿತೋ ನೀವೇ ಹೇಳಿ.

ತೀರ್ಪು ಮರುಪರಿಶೀಲನೆಗೆ ಬಂದದ್ದು ಎಂಬತ್ತು ವರ್ಷಗಳ ನಂತರ. ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಕೆಂಟ್ ವ್ಲೀಟ್, ನರರೋಗ ತಜ್ಞ ಮಾಲ್ಕಮ್ ಶೇನರ್ ಜೊತೆಗೂಡಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮ್ಯಾಂಡೆವಿಲ್‌ನ ‘ಅಳುತ್ತಾ ತಿನ್ನುತ್ತವೆ’ ಎಂಬ ಹಳೆಯ ಇಂಗ್ಲಿಷ್ ಸಾಲನ್ನೇ ಅದರ ಶೀರ್ಷಿಕೆಯಲ್ಲಿ ಇಟ್ಟರು. ನೀರಿನಲ್ಲಿ ತಿನ್ನುವ ಪ್ರಾಣಿಯ ಕಣ್ಣು ಹೇಗೂ ಒದ್ದೆಯಾಗಿರುವುದರಿಂದ ಒಣನೆಲದ ಮೇಲೆ ತಿನ್ನುವಂಥವು ಬೇಕಾಗಿದ್ದವು. ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿರುವ ಮೃಗಾಲಯವೊಂದರಲ್ಲಿ ಅಂಥವು ಸಿಕ್ಕವು: ನಾಲ್ಕು ಕೇಮನ್‌ಗಳು, ಮೂರು ಅಲಿಗೇಟರ್‌ಗಳು. ಎರಡೂ ಮೊಸಳೆಯ ದಾಯಾದಿಗಳು. ಅವು ತಿನ್ನುವುದನ್ನು ವಿಡಿಯೊ ಮಾಡಿ ನೋಡಿದಾಗ ಏಳರಲ್ಲಿ ಐದರ ಕಣ್ಣುಗಳಲ್ಲಿ ನೀರು ಬಂದಿತ್ತು. ಕೆಲವುಗಳ ಕಣ್ಣಲ್ಲಿ ನೊರೆಯೂ ಗುಳ್ಳೆಗಳೂ ಎದ್ದಿದ್ದವು.

ಅದಕ್ಕೆ ಅವರು ಊಹಿಸಿದ ಕಾರಣ ಸರಳ. ಈ ಪ್ರಾಣಿಗಳು ತಿನ್ನುವಾಗ ಬುಸುಗುಟ್ಟುತ್ತವೆ, ಜೋರಾಗಿ ಉಸಿರು ಬಿಡುತ್ತವೆ. ಮೂಗಿನ ಹಿಂದಿನ ಪೊಳ್ಳುಗಳಲ್ಲಿ ಒತ್ತಿ ಬರುವ ಗಾಳಿ ಕಣ್ಣೀರಿನ ದ್ರವದೊಂದಿಗೆ ಸೇರಿ ಅದನ್ನು ಕಣ್ಣಿಗೆ ನೂಕುತ್ತದೆ. ಗಾಳಿ ಬೆರೆತದ್ದರಿಂದಲೇ ಗುಳ್ಳೆ. ಅಂತೂ ‘ತಿನ್ನುವಾಗ ಕಣ್ಣಲ್ಲಿ ನೀರು’ ಎನ್ನುವುದು ಪೂರ್ತಿ ಕಟ್ಟುಕಥೆಯಲ್ಲ. ಯಾರೋ ಒಬ್ಬ ಪ್ರಾಚೀನ ಈಜಿಪ್ಟಿನವನು ದಡದ ಮೇಲೆ ಅದನ್ನು ಕಣ್ಣಾರೆ ಕಂಡಿದ್ದರೂ ಇರಬಹುದು. ಕಂಡದ್ದು ಸರಿ, ಕಂಡದ್ದಕ್ಕೆ ಹಚ್ಚಿದ ಅರ್ಥ ಮಾತ್ರ ಮನುಷ್ಯರದು.

ದೇಹದ ಉಪ್ಪನ್ನು ಹೊರಹಾಕಲು ಮೊಸಳೆ ಕಣ್ಣೀರು ಸುರಿಸುತ್ತದೆ ಎಂದು ಓದಿದ್ದೇನೆ. ನಿಜವೇ?

ಇದು ಆಧುನಿಕ ದಂತಕಥೆ. ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳಿಂದ ಹೊರಹಾಕುವುದು ಕಡಲಾಮೆ. ಹೊನ್ನಾವರ, ಕಾರವಾರದ ಕಡೆ ಮೊಟ್ಟೆ ಇಡಲು ದಡಕ್ಕೆ ಬರುವ ಆಲಿವ್ ರಿಡ್ಲೆ ಆಮೆಯ ಕಣ್ಣಿಂದ ಅಂಟು ಅಂಟಾದ ನೀರು ಇಳಿಯುವುದನ್ನು ನೋಡಿ, ಹೆರಿಗೆ ನೋವಿಗೆ ಅಳುತ್ತಿದೆ ಎಂದು ಮರುಗುವವರಿದ್ದಾರೆ. ಅದು ಉಪ್ಪುನೀರು. ಮೊಸಳೆಯ ಉಪ್ಪಿನ ಗ್ರಂಥಿಗಳಿರುವುದು ಬೇರೆ ಕಡೆ, ನಾಲಿಗೆಯ ಮೇಲೆ. ಉಪ್ಪುನೀರಿನ ಮೊಸಳೆಯಲ್ಲಿ ಇವನ್ನು ಆಸ್ಟ್ರೇಲಿಯಾದ ಸಂಶೋಧಕರು 1981ರಲ್ಲಿ ವಿವರಿಸಿದರು. ಹೆರೊಡೋಟಸ್ ಇಲ್ಲವೇ ಇಲ್ಲ ಎಂದಿದ್ದ ನಾಲಿಗೆಯೇ ಇದು! ಕೆಳದವಡೆಗೆ ಅಂಟಿಕೊಂಡಿರುವುದರಿಂದ ಅದನ್ನು ಹೊರಚಾಚಲು ಬರುವುದಿಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದೂ ಕಡಿಮೆ.

ವೈದ್ಯರೂ ಈ ಹೆಸರನ್ನು ಬಳಸುತ್ತಾರಂತೆ?

ಬಳಸುತ್ತಾರೆ, ಮತ್ತು ಅಲ್ಲಿ ಅದಕ್ಕೆ ಮೋಸದ ವಾಸನೆ ಇಲ್ಲ. ಮುಖದ ನರಕ್ಕೆ ಪೆಟ್ಟಾಗಿ ಅಥವಾ ಆ ನರದ ಕಾಯಿಲೆಯಿಂದ (ಬೆಲ್ಸ್ ಪಾಲ್ಸಿ) ಮುಖದ ಒಂದು ಬದಿ ಸ್ವಾಧೀನ ತಪ್ಪಿದ ಕೆಲವರಲ್ಲಿ, ನರ ಮತ್ತೆ ಬೆಳೆಯುವಾಗ ದಾರಿ ತಪ್ಪುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆಗಳು ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿಕೊಳ್ಳುತ್ತವೆ. ಆಗ ತುತ್ತು ಬಾಯಿಗಿಟ್ಟರೆ ಸಾಕು, ಆ ಬದಿಯ ಕಣ್ಣಲ್ಲಿ ನೀರು ಸುರಿಯುತ್ತದೆ. ರಷ್ಯಾದ ವೈದ್ಯ ಬೊಗೊರಾಡ್ 1920ರ ದಶಕದಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೂ ಇದಕ್ಕಿದೆ. ಕಣ್ಣೀರಿನ ಗ್ರಂಥಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೊಡುವುದು ಚಿಕಿತ್ಸೆಗಳಲ್ಲೊಂದು. ಮೇಲೆ ಹೇಳಿದ ಶೇನರ್ ಮೊಸಳೆಗಳ ಬೆನ್ನು ಬಿದ್ದದ್ದೂ ಇದಕ್ಕಾಗಿಯೇ: ಈ ರೋಗಿಗಳ ಬಗ್ಗೆ ಉಪನ್ಯಾಸ ಕೊಡುವ ಮೊದಲು, ಕಾಯಿಲೆಯ ಹೆಸರಿನಲ್ಲಿ ಹುರುಳಿದೆಯೇ ಎಂದು ತಿಳಿಯುವ ಆಸೆ ಅವರಿಗಿತ್ತು.

ನಮ್ಮ ಹಳೆಯ ಕಥೆಗಳಲ್ಲಿ ಅಳುವ ಮೊಸಳೆ ಇಲ್ಲವೇ?

ನಮ್ಮಲ್ಲಿ ಪ್ರಸಿದ್ಧವಾದ ಮೊಸಳೆಗಳ ಕಸುಬು ಬೇರೆ. ಗಜೇಂದ್ರಮೋಕ್ಷದ ಮೊಸಳೆ ಆನೆಯ ಕಾಲು ಹಿಡಿಯುತ್ತದೆ. ಕಾಲಡಿಯ ಹೊಳೆಯಲ್ಲಿ ಬಾಲಕ ಶಂಕರನ ಕಾಲು ಹಿಡಿದದ್ದೂ ಮೊಸಳೆ. ಅಲ್ಲಿ ಅತ್ತವಳು ದಡದ ಮೇಲಿದ್ದ ತಾಯಿ, ಅವಳ ಕಣ್ಣೀರಿನಲ್ಲಿ ಕಪಟವಿರಲಿಲ್ಲ. ಪಂಚತಂತ್ರದ ಮೊಸಳೆ ಕೋತಿಯನ್ನು ಮನೆಗೆ ಊಟಕ್ಕೆ ಕರೆದು ಬೆನ್ನ ಮೇಲೆ ಕೂರಿಸಿಕೊಂಡು ಹೋಗುತ್ತದೆ. ಅದು ವಂಚನೆಯೇ, ಆದರೆ ಸಿಹಿಮಾತಿನದು.

ಬೇಟೆಗಾಗಿ ಕಣ್ಣೀರು ಸುರಿಸುವ ಖದೀಮ ನಮ್ಮಲ್ಲಿ ಬೇರೆ ಇದ್ದಾನೆ: ಕೊಕ್ಕರೆ. ಪಂಚತಂತ್ರದ ಮೊದಲ ತಂತ್ರದಲ್ಲೇ ಬರುವ ಕಥೆ ಇದು. ಮುಪ್ಪಿನಿಂದ ಮೀನು ಹಿಡಿಯಲಾಗದ ಕೊಕ್ಕರೆ ಕೊಳದ ದಡದಲ್ಲಿ ಕುಳಿತು, ಮುತ್ತಿನ ರಾಶಿಯಂಥ ಕಣ್ಣೀರಧಾರೆಯಿಂದ ನೆಲ ನೆನೆಸುತ್ತಾ ಅಳುತ್ತದೆ ಎಂದು ಸಂಸ್ಕೃತ ಮೂಲ ಬಣ್ಣಿಸುತ್ತದೆ. ಏಡಿ ಬಂದು ಕೇಳಿದರೆ, ಹನ್ನೆರಡು ವರ್ಷ ಮಳೆಯಿಲ್ಲವೆಂದು ಜ್ಯೋತಿಷಿಗಳು ಹೇಳಿದ್ದಾರೆ, ನನ್ನ ಜೊತೆ ಬೆಳೆದ ಈ ಮೀನುಗಳ ಗತಿಯೇನೆಂದು ಸಂಕಟವಾಗಿದೆ ಎನ್ನುತ್ತದೆ. ಮೀನುಗಳು ನಂಬುತ್ತವೆ. ಬೇರೆ ಕೊಳಕ್ಕೆ ಸಾಗಿಸುವ ನೆಪದಲ್ಲಿ ಒಂದೊಂದನ್ನೇ ಬಂಡೆಯ ಮೇಲೆ ಕೊಂಡೊಯ್ದು ತಿನ್ನುತ್ತದೆ. ಕಡೆಗೆ ಏಡಿಯ ಸರದಿ ಬಂದಾಗ, ಬಂಡೆಯ ಮೇಲಿನ ಮುಳ್ಳುಗಳ ಗುಡ್ಡೆ ಕಂಡ ಏಡಿ ಕೊಕ್ಕರೆಯ ಕತ್ತನ್ನೇ ಕತ್ತರಿಸುತ್ತದೆ.

ಮಾಡುವವನೇ ಮರುಗುವ ಕಪಟಕ್ಕೆ ಇದಕ್ಕಿಂತ ಪಕ್ಕಾ ಚಿತ್ರ ಬೇಕೇ? ಆದರೂ ನಾವು ಕೊಕ್ಕರೆಗೆ ‘ಬಕಧ್ಯಾನ’ವನ್ನು ಮಾತ್ರ ಉಳಿಸಿ, ಅದರ ಕಣ್ಣೀರನ್ನು ಮೊಸಳೆಯ ಲೆಕ್ಕಕ್ಕೆ ಬರೆದೆವು.

ಉಳಿದ ಭಾಷೆಗಳಲ್ಲಿ?

ಯುರೋಪಿನ ಬಹುಪಾಲು ಭಾಷೆಗಳಲ್ಲಿದೆ. ನೆರೆಹೊರೆಯಲ್ಲಿ ತಮಿಳಿನ ‘ಮುದಲೈ ಕಣ್ಣೀರ್’, ತೆಲುಗಿನ ‘ಮೊಸಲಿ ಕನ್ನೀರು’, ಹಿಂದಿಯ ‘ಮಗರ್‌ಮಚ್ಛ್ ಕೇ ಆಂಸೂ’. ಮರಾಠಿಯವರು ‘ನಕ್ರಾಶ್ರು’ ಎಂದು ಸಂಸ್ಕೃತದ ಜರಿ ಹಾಕಿದ್ದಾರೆ.

ಕನ್ನಡದಲ್ಲಿ ಬಳಸುವಾಗ ಏನು ಗಮನಿಸಬೇಕು?

‘ಮೊಸಳೆ ಕಣ್ಣೀರು ಸುರಿಸು’ ಎನ್ನುವುದು ರೂಢಿ, ‘ಹಾಕು’ ಎಂದರೂ ನಡೆಯುತ್ತದೆ. ಇದು ನೇರವಾದ ಆಪಾದನೆಯ ಮಾತು. ಸಾವಿನ ಮನೆಯಲ್ಲಿ, ನೆಂಟರಿಷ್ಟರ ಜಗಳದಲ್ಲಿ ಎದುರಿಗಿರುವವರಿಗೆ ಅಂದರೆ ಸಂಬಂಧ ಹರಿದುಹೋಗುತ್ತದೆ. ತಡವಾಗಿ ಪಶ್ಚಾತ್ತಾಪಪಟ್ಟವರಿಗೂ ಇದನ್ನು ಅಂಟಿಸುವ ಚಾಳಿ ಪತ್ರಿಕೆಗಳಲ್ಲಿದೆ. ತಡವಾದ ದುಃಖವೆಲ್ಲ ನಕಲಿಯಲ್ಲ. ಅಲ್ಲಿ ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯೇ ಸಾಕು.

ಕರ್ನಾಟಕದಲ್ಲಿ ಮೊಸಳೆಗಳನ್ನು ಎಲ್ಲಿ ನೋಡಬಹುದು? ಕಣ್ಣೀರು ಕಾಣುತ್ತದೆಯೇ?

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಸುಲಭದ ಜಾಗ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಇಲ್ಲಿ, ಕಾವೇರಿಯ ಬಂಡೆಗಳ ಮೇಲೆ ಸಿಹಿನೀರಿನ ಮೊಸಳೆಗಳು ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲೂ ಇವೆ. ದೋಣಿಯಲ್ಲಿ ಪಕ್ಕದಿಂದ ಹಾದುಹೋಗುವಾಗ ಬಾಯಿ ಅಗಲಿಸಿಕೊಂಡು ಅಲುಗಾಡದೆ ಕೂತ ಮೊಸಳೆ ಕಂಡರೆ, ಅದು ನಿಮ್ಮನ್ನು ಹೆದರಿಸುತ್ತಿಲ್ಲ. ತೆರೆದ ಬಾಯಿಯಿಂದ ಮೈ ಕಾವು ಇಳಿಸಿಕೊಳ್ಳುತ್ತಿದೆ. ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡ ತಾಯಿ ಕಂಡರೂ ಗಾಬರಿ ಬೇಡ. ಮರಳಿನಡಿಯ ಮೊಟ್ಟೆಯೊಳಗಿಂದ ಮರಿಗಳು ಕೂಗಿದಾಗ ಅದು ಗೂಡು ಅಗೆದು, ಅವನ್ನು ಹೀಗೆಯೇ ನೀರಿಗೆ ಸಾಗಿಸುತ್ತದೆ.

ಕಣ್ಣೀರು ದೋಣಿಯಿಂದ ಕಾಣುವುದಿಲ್ಲ. ದುರ್ಬೀನು ಒಯ್ದರೆ ಕಣ್ಣಿನ ಮೇಲೆ ಮೂರನೆಯ ಪೊರೆ ಸರಿಯುವುದನ್ನು ನೋಡಬಹುದು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲಿಸುತ್ತಾರೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.